ರಂಗೋಲಿಯಲ್ಲಿ ಬರೆದ ಕೇರಿ

ಭಟ್ಕಳದ ಪೇಟೆ ಪಕ್ಕದ ಹಳ್ಳಿ ಹೆಬಳೆಯವರೆಗೂ ಬೆಳೆದು, ಅಲ್ಲಿನ ಕೇರಿಯ ಕಾಲುದಾರಿಯನ್ನು ರಸ್ತೆ ಮಾಡಲೇಬೇಕೆಂದಾಯಿತು. ದಾರಿಯ ಒಂದು ಬದಿಗೆ ಮಂಗಲಾಳ ತುಳಸಿಕಟ್ಟೆ, ಇನ್ನೊಂದು ಬದಿಗೆ ದುರ್ಗಮ್ಮನ ಮಲ್ಲಿಗೆ ಗಿಡಗಳು. ಹೂ ಮಾರಿಯೇ ಅವಳ ಸಂಸಾರ ನಡೆಯುತ್ತಿತ್ತು. ಯಾರು ಜಾಗ ಬಿಡಬೇಕೆಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು.

ರಸ್ತೆ ಯೋಜನೆಯ ಸಾಹೇಬರು ಬಂದು, ಕೇರಿಯ ನಕ್ಷೆಯನ್ನು ನೀವೇ ಬರೆಯಿರಿ ಎಂದರು. ಹೆಂಗಸರು ದೇವಸ್ಥಾನದ ಅಂಗಳದಲ್ಲಿ ಕೇರಿಯನ್ನೆಲ್ಲ ರಂಗೋಲಿಯಲ್ಲಿ ಬರೆದರು. ಮಲ್ಲಿಗೆಯ ಸಾಲುಗಳನ್ನು ಬರೆದವಳು ಮಂಗಲಾ. ಒಂದೊಂದು ಗಿಡಕ್ಕೂ ಒಂದೊಂದು ಹೂವಿಟ್ಟಿದ್ದಳು.

"ರಸ್ತೆಗೆ ಯಾವುದು ಹೋಗಬೇಕು?" ಎನ್ನುತ್ತ ಸಾಹೇಬರು ಅಳಿಸಲು ಬೂಟುಗಾಲು ಮುಂದಿಟ್ಟರು.

"ಅಯ್ಯೋ, ಎಂತ ಮಾಡ್ತ್ರಿ! ರಂಗೋಲಿನ ಕಾಲಲ್ಲಿ ಅಳಸ್ತ್ರಾ?" ಎಂದು ಹೆಂಗಸರೆಲ್ಲ ಕೂಗಿಕೊಂಡರು. ಸಾಹೇಬರು ನಾಚಿ ಹಿಂದೆ ಸರಿದರು.

ರಸ್ತೆಗೆ ಬಿಡುವುದನ್ನು ಇನ್ನು ಕೈಯಿಂದಲೇ ಅಳಿಸಬೇಕು. ಯಾರೂ ಏಳಲಿಲ್ಲ. ಕೊನೆಗೆ ಮಂಗಲಾ ಹೋಗಿ ಕುಳಿತಳು. ತಾನೇ ಇಟ್ಟ ಹೂಗಳನ್ನು ಅಳಿಸಲು ಅವಳಿಗೆ ಕೈ ಬರಲಿಲ್ಲ. ತುಳಸಿಕಟ್ಟೆಗೆ ಕೈಮುಗಿದು ಅದನ್ನೇ ಅಳಿಸಿದಳು.

"ತುಳಸಿ ತಾಯಿನ ಹಿತ್ಲಲ್ಲಿ ಕೂರಸ್ತೆ," ಎಂದಳು.

"ತುಳಸಿನ ಯಾರಾದ್ರೂ ಹಿತ್ಲಲ್ಲಿ ಕೂರಸ್ತಾರೇನೆ? ಪುಣ್ಯ ಎಲ್ಲಾ ನೀ ಒಬ್ಳೇ ಕಟ್ಕಂತ್ಯಾ?" ಎಂದು ಗದರಿಸುತ್ತಲೇ ದುರ್ಗಮ್ಮ ಎದ್ದು ಬಂದಳು. ದಾರಿಗೆ ತಾಗಿದ ಮಲ್ಲಿಗೆಯ ಸಾಲೊಂದನ್ನು ತನ್ನ ಅಂಗೈಯಿಂದ ಸವರಿದಳು. ಆಮೇಲೆ ಪುಡಿ ಹಿಡಿದು, ಮಂಗಲಾಳ ಮನೆಯೆದುರಿಗೇ, ದಾರಿಯಿಂದ ತುಸು ಹಿಂದಕ್ಕೆ, ತುಳಸಿಕಟ್ಟೆಯನ್ನು ಹೊಸದಾಗಿ ಬರೆದಳು.

"ಇಲ್ಲಿ ಆತಾ?"

ಮಂಗಲಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಆತು," ಎಂದಳು.