ಕಡಿಮೆ ಬಂದ ಎಣಿಕೆ

ಶವಪೆಟ್ಟಿಗೆ ಎತ್ತಲು ಆರು ಜನ ಬಗ್ಗಿದ್ದರು. ಅದರ ಹಿಂದೆ ನಡೆಯಬೇಕಾಗಿದ್ದ ಸತ್ತ ಮಾಲ್ಸುನ್‌ಳ ಗಂಡ ಸಾಂಗ್ದೋ ಗೋಡೆ ಹಿಡಿದು ಕುಸಿದು ಕೂತ.

“ಮೂರು ದಿನದಿಂದ ಏನೂ ತಿಂದಿಲ್ಲ, ಇನ್ನೇನಾಗತ್ತೆ?” ಎಂದ ತಮ್ಮ ಪಿಲ್ಸು. “ಏಳೋ ಅಣ್ಣ. ಎಂಟಕ್ಕೆ ಗಾಡಿ ಚಿತಾಗಾರಕ್ಕೆ ಹೊರಡಬೇಕು.”

ಸಾಂಗ್ದೋ ಮಗಳು ಮಿರಾನ್‌ಳ ಮುಖ ನೋಡಿ, “ನಿಮ್ಮಮ್ಮ ಎಲ್ಲೇ?” ಎಂದ. ಅವಳು ಶವಪೆಟ್ಟಿಗೆಯತ್ತ ನೋಡಿದಳು.

ಕೊನೆಯ ನಮಸ್ಕಾರಕ್ಕೆ ಬಂದಿದ್ದ ನಿವೃತ್ತ ನರ್ಸ್ ಬೊಕ್ಹೀ ಅವನ ಕೈ ಹಿಡಿದಳು. ತಣ್ಣಗೆ ಕೊರೆಯುತ್ತಿತ್ತು. ಉಸಿರು ಓಡುತ್ತಿತ್ತು. ಹೆಬ್ಬೆರಳಿನ ಪಟ್ಟಿ ಬಿಚ್ಚಿದರೆ ಕೆಂಪು ಮುಂಗೈವರೆಗೆ ಏರಿತ್ತು.

“ಅಡುಗೆಗೆ ಕಡಲ ಸಿಂಪಿ ಒಡೆಯುವಾಗ ಚಿಪ್ಪು ತಾಗಿದ್ದು,” ಎಂದಳು ಮಿರಾನ್.

“ಮೇಲಕ್ಕೆ ಕರ್ಕೊಂಡು ನಡೀರಿ. ರಕ್ತ ತೆಗೀಲಿ,” ಎಂದಳು ಬೊಕ್ಹೀ.

“ಹೆಣ ಎತ್ತೋ ಹೊತ್ತಲ್ಲಿ ಗಂಡ ಎದ್ದು ಹೋಗೋದಾ? ಜನ ಏನಂತಾರೆ?” ಎಂದ ಪಿಲ್ಸು.

“ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ತೀಯೇನಪ್ಪಾ?”

ಅಂತ್ಯಕ್ರಿಯೆಯ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲೇ ಇತ್ತು. ತುರ್ತು ಚಿಕಿತ್ಸೆಗೆ ಒಂದೇ ಮಹಡಿ ಹತ್ತಬೇಕಿತ್ತು.

*

ಮಾಲ್ಸುನ್ ಮೂವತ್ತೊಂದು ವರ್ಷ ಇದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಕಣ ಎಣಿಸಿದವಳು. ರೋಗಿಗಳ ಮುಖ ಅವಳಿಗೆ ಗೊತ್ತಿರಲಿಲ್ಲ, ಅವರಿಗೆ ಅವಳ ಹೆಸರೂ. ಒಂದು ಮಧ್ಯಾಹ್ನ ಡಬ್ಬಿಯ ಊಟ ಬಿಟ್ಟೆದ್ದು ವಾರ್ಡಿಗೆ ನಾಲ್ಕನೇ ಸಲ ಫೋನ್ ಮಾಡಿದ್ದಳು.

“ಹನ್ನೆರಡನೇ ಮಂಚದವರ ಬಿಳಿ ಕಣ ಇಳಿದಿದೆ.”

“ಇಳಿದ್ರೆ ಒಳ್ಳೇದೇ ಅಲ್ವಾ? ಜ್ವರಾನೂ ಇಲ್ಲ,” ಎಂದಿದ್ದಳು ಆಗಿನ್ನೂ ಹರೆಯದ ಬೊಕ್ಹೀ.

“ಒಳ್ಳೇದಲ್ಲ ಕಣೇ! ಕಾದಾಡಿ ಕಾದಾಡಿ ಮುಗೀತಿವೆ. ನಿನ್ನೆಯ ಚೀಟಿ ಪಕ್ಕಕ್ಕಿಟ್ಟು ನೋಡು, ಪ್ಲೇಟ್‌ಲೆಟ್ ಅರ್ಧಕ್ಕರ್ಧ ಬಿದ್ದಿದೆ. ರಕ್ತಕ್ಕೆ ನಂಜೇರಿದೆ. ಡಾಕ್ಟರಿಗೆ ಹೇಳು.”

“ಎಣಿಸೋಳು ಎಣಿಸ್ಕೊಂಡಿರು!” ಬೊಕ್ಹೀ ಫೋನ್ ಕುಕ್ಕಿದ್ದಳು. ಐದನೇ ಸಲ ಅದು ಬಡಿದುಕೊಂಡಾಗ ಕಾಟ ತಾಳಲಾರದೆ ಡಾಕ್ಟರನ್ನು ಕರೆದಳು. ರೋಗಿ ಬದುಕಿದ. ಬೊಕ್ಹೀ ಮಾತ್ರ ತಪ್ಪಾಯಿತೆಂದು ಎಂದೂ ಹೇಳಲಿಲ್ಲ.

*

ರಿಪೋರ್ಟ್ ಬಂತು. ಪಿಲ್ಸು ಕಸಿದುಕೊಂಡು ಓದಿದ. “ಬಿಳಿ ಕಣ ಜಾಸ್ತಿ ಇಲ್ಲವೇ ಇಲ್ಲ, ಕಡಿಮೆನೇ ಇದೆ! ನಂಜೂ ಇಲ್ಲ, ಗಿಂಜೂ ಇಲ್ಲ. ನಡೀರಿ.”

“ಹಳೇ ರಿಪೋರ್ಟ್ ಇದೆಯೇನಮ್ಮಾ?” ಎಂದಳು ಬೊಕ್ಹೀ.

ಮಿರಾನ್ ಮೊಬೈಲಿನಲ್ಲಿ ಹೋದ ತಿಂಗಳ ಬಿಪಿ ತಪಾಸಣೆಯ ರಕ್ತದ ರಿಪೋರ್ಟ್ ಹುಡುಕಿದಳು. ಅವತ್ತು ಪ್ಲೇಟ್‌ಲೆಟ್ ಎರಡೂವರೆ ಲಕ್ಷ. ಇವತ್ತು ತೊಂಬತ್ತು ಸಾವಿರ. ಅವಳು ಮೊಬೈಲನ್ನು ಚಿಕ್ಕಪ್ಪನ ಮುಂದೆ ಹಿಡಿದಳು. ಡಾಕ್ಟರು ಆಗಲೇ ಡ್ರಿಪ್ ಹಾಕಿಸುತ್ತಿದ್ದರು.

“ಅಪ್ಪ ಇಲ್ಲೇ ಇರ್ತಾರೆ ಚಿಕ್ಕಪ್ಪ. ನಾನೂ.”

“ಗಂಡನೂ ಇಲ್ಲ, ಮಗಳೂ ಇಲ್ಲ! ಅತ್ತಿಗೆ ಏನು ಅನಾಥಳೇನೇ? ಪೆಟ್ಟಿಗೆ ಮುಂದೆ ಅವಳ ಪಟ ಯಾರು ಹಿಡೀತಾರೆ?”

ಸಾಂಗ್ದೋ ಮಗಳ ತೋಳು ಹಿಡಿದ. “ಅವಳೊಬ್ಬಳನ್ನೇ ಕಳಿಸ್ತೀಯೇನೇ?”

ಮಿರಾನ್ ಅವನ ಹೊದಿಕೆ ಸರಿಮಾಡಿದಳು. “ಹೂಂ ಅಪ್ಪ. ಕಳಿಸ್ತೀನಿ.”

ಬೊಕ್ಹೀ ಯಾರನ್ನೂ ಕೇಳದೆ ಕೆಳಗಿಳಿದು ಹೋಗಿ ಪಟ ಎತ್ತಿಕೊಂಡಳು.

ಮಧ್ಯಾಹ್ನ ಎರಡಕ್ಕೆ ಮತ್ತೆ ರಕ್ತ ತೆಗೆದರು. ಪ್ಲೇಟ್‌ಲೆಟ್ ಇನ್ನಷ್ಟು ಇಳಿದಿರಲಿಲ್ಲ. ಏರಿಯೂ ಇರಲಿಲ್ಲ. ಮಿರಾನ್ ಹೊರಬಂದು ನೋಡಿದರೆ, ಚಿತಾಗಾರದಿಂದ ನೇರ ಸಮಾಧಿಗೆ ಹೋಗಬೇಕಿದ್ದ ಪಿಲ್ಸು ಬಾಗಿಲ ಪಕ್ಕದ ಬೆಂಚಿನಲ್ಲಿದ್ದ. ಪಕ್ಕದಲ್ಲಿ ಬೊಕ್ಹೀ.

“ಅಣ್ಣ ಹಾಗಂದ ಮೇಲೆ ಅತ್ತಿಗೆನ ಅಲ್ಲಿ ಒಬ್ಬಳನ್ನೇ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ,” ಎಂದು ಅವನು ಮುಖ ತಿರುಗಿಸಿದ. “ಮತ್ತೆ ಯಾವಾಗ ತೆಗೀತಾರೆ ರಕ್ತ?”

“ರಾತ್ರಿ ಎಂಟಕ್ಕೆ,” ಎಂದಳು ಮಿರಾನ್.

ಪಿಲ್ಸು ಸರಿದು ಮಿರಾನ್‌ಗೂ ಜಾಗ ಮಾಡಿದ. ಅವನ ತೊಡೆಯ ಮೇಲೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಬೂದಿಯ ಭರಣಿ ಇನ್ನೂ ಬೆಚ್ಚಗಿತ್ತು.