ಇಪ್ಪತ್ತಮೂರು ಜೋಳದ ಫೋಟೋ

ಗದಗದ ರಿಪೇರಿ ಅಂಗಡಿಯವನು ಲ್ಯಾಪ್‌ಟಾಪ್ ಬಿಚ್ಚಿ, ಊದಿ, ಮತ್ತೆ ಮುಚ್ಚಿ, "ಡಿಸ್ಕ್ ಹೋಗೇತಿ ಅಕ್ಕಾರ. ಒಳಗಿಂದು ಏನೂ ಬರೂದಿಲ್ಲ. ಬ್ಯಾರೆ ಕಡೆ ಕಾಪಿ ಇಟ್ಟೀರಿಲ್ಲ?" ಎಂದಾಗ ನೇತ್ರಾ ತುಸು ಜಂಬದಿಂದಲೇ "ಇಟ್ಟೀನಿ" ಎಂದಳು.

ಇಟ್ಟದ್ದು ಸುಳ್ಳಲ್ಲ. ಹೊಂಬಳದ ಅವರ ಮನೆಯ ಅಟ್ಟದಲ್ಲಿ ಸೋರೆಬುರುಡೆಗಳ ಸಾಲು ಇತ್ತು. ಅವುಗಳಲ್ಲಿ ಬೂದಿ ಬೆರೆಸಿಟ್ಟ ಬಿತ್ತನೆಯ ಜೋಳ, ಇಪ್ಪತ್ತಮೂರು ಜಾತಿಯದು. ಯಾವ ಬುರುಡೆಯಲ್ಲಿ ಯಾವುದಿದೆ, ಯಾವುದರ ತೆನೆ ಬಾಗುತ್ತದೆ, ಯಾವುದು ಅರಳಿಗೆ, ಯಾವುದು ಕಡುಬಿಗೆ, ಇದೆಲ್ಲ ಅತ್ತೆ ಸುಮಿತ್ರವ್ವನ ತಲೆಯೊಳಗೆ ಮಾತ್ರ ಇತ್ತು. ಆ ತಲೆಗೆ ಎಪ್ಪತ್ತಾರು ತುಂಬಿ, ಹೋದ ವರ್ಷದಿಂದ ಒಂದೆರಡು ಹೆಸರು ಅದಲುಬದಲಾಗತೊಡಗಿದ್ದವು. ನೇತ್ರಾ ಮೂರು ವರ್ಷದ ಹಿಂಗಾರಿಯಲ್ಲೂ ಹೊಲ ತಿರುಗಿ, ಮೊಳಕೆಯಿಂದ ತೆನೆಯವರೆಗೆ ಒಂದೊಂದು ಜಾತಿಯನ್ನೂ ಹೆಸರಿನ ಚೀಟಿ ಸಮೇತ ಫೋಟೋ ತೆಗೆದಿದ್ದಳು. ಅವು ಹೋದರೆ, ಅತ್ತೆಯ ತರುವಾಯ ಆ ಬುರುಡೆಗಳಲ್ಲಿ ಉಳಿಯುವುದು ಹೆಸರಿಲ್ಲದ ಕಾಳು.

ಫೋನಿನಲ್ಲಿ ಅವು ಇರಲಿಲ್ಲ. ಜಾಗ ಸಾಲದೆ ತಿಂಗಳಿಗೊಮ್ಮೆ ಲ್ಯಾಪ್‌ಟಾಪಿಗೆ ಸುರಿದು ಫೋನನ್ನು ಬರಿದು ಮಾಡುತ್ತಿದ್ದಳು. ಇಂಟರ್‌ನೆಟ್ಟಿನಲ್ಲಿ ಇಬ್ಬರಿಗೂ ಸೇರಿ ಪುಕ್ಕಟೆ ಸಿಗುವ ಜಾಗವನ್ನು ಗಂಡ ಶಿವಯೋಗಿ ಟ್ರ್ಯಾಕ್ಟರ್ ಜಗ್ಗುವ ಪಂದ್ಯದ ವಿಡಿಯೋಗಳಿಂದ ಎಂದೋ ಗಿಡಿದು ತುಂಬಿದ್ದ. ತೆಗೆಯಿರಿ ಎಂದರೆ, "ನಿನ್ನ ಜೋಳ ಹೊಲದಾಗ ಐತಿ, ಬೇಕಾದಾಗ ಹೋಗಿ ನೋಡು. ನನ್ನ ಟ್ರ್ಯಾಕ್ಟರ್ ಎಲ್ಲಿ ನೋಡ್ಲಿ?" ಎನ್ನುತ್ತಿದ್ದ.

ಕೊನೆಗೆ ದಾರಿ ತೋರಿಸಿದ್ದು ಅತ್ತೆಯೇ. ಆ ಮನೆಯ ಬೀಜ ಎಂದೂ ಒಂದೇ ಸೂರಿನ ಕೆಳಗೆ ಇರುತ್ತಿರಲಿಲ್ಲ. ಒಂದು ಪಾಲು ಹೊಂಬಳದಲ್ಲಿ, ಒಂದು ಪಾಲು ಮುಂಡರಗಿಯ ತಂಗಿ ಗದಿಗೆವ್ವನ ಮನೆಯಲ್ಲಿ, ಇನ್ನೊಂದು ಶಿರಹಟ್ಟಿಯಲ್ಲಿ, ನೇತ್ರಾಳ ತವರಿನಲ್ಲಿ. ಇಲ್ಲಿ ಹುಳ ಹತ್ತಿದರೆ ಅಲ್ಲಿಂದ ತರುವುದು.

"ನಿನ್ನ ಫೋಟೋನೂ ಹಂಗ ಮೂರು ಕಡೆ ಇಡು," ಎಂದಿದ್ದಳು ಸುಮಿತ್ರವ್ವ.

"ಇವಕ್ಕ ಹುಳ ಹತ್ತೂದಿಲ್ರಿ ಅತ್ತಿ. ಎರಡು ಕಡೆ ಇದ್ರ ಆತು," ಎಂದು ನೇತ್ರಾ ಎಲ್ಲವನ್ನೂ ಅಂಗೈಯಗಲದ ಒಂದು ಡಿಸ್ಕಿಗೆ ಇಳಿಸಿ, ಬೀಜದ ಗಂಟಿನ ಜೊತೆಗೇ ಮುಂಡರಗಿಗೆ ಕಳಿಸಿದ್ದಳು.

ಅತ್ತೆಯ ಇನ್ನೊಂದು ಕಾಟವೂ ಇತ್ತು. ಯಾರಾದರೂ ಬಂದು ಒಂದು ಸೇರು ಬೀಜ ಒಯ್ದರೆ, "ಆಕಿಗೆ ಆ ಜೋಳದ ಫೋಟೋ ಕಳಿಸು, ಹೆಸರು ಮರೀತಾಳ," ಎಂದು ಬೆನ್ನು ಹತ್ತುತ್ತಿದ್ದಳು. ಅಡುಗೆ ಒಲೆಯ ಮೇಲಿರಲಿ, ಕೈ ಹಿಟ್ಟಿನಲ್ಲಿರಲಿ, ಕಳಿಸಿದೆ ಎನ್ನುವವರೆಗೂ ಬಿಡುತ್ತಿರಲಿಲ್ಲ.

ರಿಪೇರಿ ಅಂಗಡಿಯಿಂದ ನೇತ್ರಾ ನೇರ ಮುಂಡರಗಿ ಬಸ್ಸು ಹತ್ತಿದಳು. ಗದಿಗೆವ್ವ ಚಹಾ ಕೊಟ್ಟು, ಚೂಡಾ ಕೊಟ್ಟು, ಕೇಳುವ ಮೊದಲೇ ಒಳಗಿನಿಂದ ಡಿಸ್ಕನ್ನು ತಂದಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬೇವಿನ ಎಲೆ ಹಾಕಿ ಇಟ್ಟಿದ್ದಳು. ನೇತ್ರಾಳಿಗೆ ಖುಷಿಯೇ ಆಯಿತು.

"ಚಲೋ ಇಟ್ಟೀರಿ ಸಣ್ಣತ್ತಿ."

"ಇಡಲಾರದ ಮತ್ತ? ಹಳೇದು ತಗದು ಹೊಸಾದೂ ತುಂಬೇವಿ."

ನೇತ್ರಾಳ ಕೈಯಲ್ಲಿನ ಚಹಾದ ಬಶಿ ಹಾಗೇ ನಿಂತಿತು. "ಏನು ತುಂಬೀರಿ?"

"ಫೋಟೋನವಾ. ಬೀಜ ವರ್ಷಾ ಬದಲೀ ಮಾಡ್ಲಿಲ್ಲಂದ್ರ ಮೊಳಕಿ ಬರ್ತಾವೇನು? ನೀನು ಕಳಿಸಿ ವರ್ಷದ ಮ್ಯಾಲಾತು. ಅದಕ್ಕ ಸಕ್ರಪ್ಪಗ ಹೇಳಿದೆ."

ಗದಿಗೆವ್ವನ ಮಗ ಸಕ್ರಪ್ಪ ಬಾಗಿಲಲ್ಲಿ ನಿಂತು, ಹೊಗಳಿಕೆಗೆ ಕಾದವನಂತೆ ನಕ್ಕ. "ಪೂರಾ ಕ್ಲೀನ್ ಮಾಡಿ ತುಂಬೀನ್ರಿ ವೈನಿ. ಒಂದೂ ಹಳೇದು ಉಳಿಸಿಲ್ಲ."

"ಹೊಸಾದಂದ್ರ ಅದೇ ಜೋಳದ್ದು ತುಂಬಬೇಕಲ್ರಿ ಸಣ್ಣತ್ತಿ. ಜೋಳದ ಬುರುಡ್ಯಾಗ ಹತ್ತಿಕಾಳು ತುಂಬ್ತೀರೇನು?"

"ಅವೂ ಫೋಟೋ, ಇವೂ ಫೋಟೋ. ಅದ್ರಾಗ ಜಾತಿ ಎಲ್ಲೈತಿ?" ಎಂದಳು ಗದಿಗೆವ್ವ, ಖರೆಯಾಗಿಯೇ ತಿಳಿಯದೆ. "ಸಕ್ರಪ್ಪನ ಕೂಸಿನ ಹೆಸರಿಡೂ ಕಾರ್ಯಕ್ರಮದ್ದು ಅದಾವು. ನೀ ಬಂದಿರ್ಲಿಲ್ಲಲಾ, ನೋಡು."

ನೇತ್ರಾ ನೋಡಿದಳು. ಎಂಟುನೂರ ನಲವತ್ತು ಫೋಟೋ. ಎಲ್ಲಾದರೂ ಒಂದು ತೆನೆ ಉಳಿದಿದ್ದೀತು ಎಂದು ಕೊನೆಯವರೆಗೂ ನೋಡಿದಳು. ತೊಟ್ಟಿಲು, ಲಾಡು, ತೊಟ್ಟಿಲ ಹಿಂದೆ ಸಕ್ರಪ್ಪ. ಸಂಜೆಯ ಬಸ್ಸಿನಲ್ಲಿ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ಸಕ್ರಪ್ಪನ ಮೇಲೆ ಸಿಟ್ಟು ಬಂತು, ಶಿವಯೋಗಿಯ ಮೇಲೆ ಬಂತು. ಡಂಬಳ ದಾಟುವಾಗ, ಎರಡು ಸಾಕು ಎಂದಿದ್ದ ತನ್ನ ಮೇಲೇ ಬಂತು.

ಮನೆಯಲ್ಲಿ ಸುಮಿತ್ರವ್ವ ಎಲ್ಲವನ್ನೂ ಕೇಳಿಸಿಕೊಂಡಳು. ತಂಗಿಯನ್ನು ಬೈಯಲಿಲ್ಲ. ಸೊಸೆಗೂ ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅಂದಿದ್ದರೆ ನೇತ್ರಾಳಿಗೆ ಜಗಳವಾಡಿ ಹಗುರಾಗಲಾದರೂ ಬರುತ್ತಿತ್ತು.

"ಕೊಟ್ಟದ್ದು ಇಸ್ಕೊಳ್ಳೂಣು," ಎಂದಳು ಮುದುಕಿ.

"ಯಾರಿಗೆ ಏನು ಕೊಟ್ಟೀವ್ರಿ?"

"ಬೀಜ ಒಯ್ದಾವರಿಗೆಲ್ಲಾ ಫೋಟೋ ಕಳಿಸೀಯಲ್ಲಾ. ಬೀಜ ಸುಗ್ಗ್ಯಾಗ ಹೊಳ್ಳಿ ಕೊಡ್ತಾರ, ಫೋಟೋ ಕೊಡೂದಿಲ್ಲೇನು?"

ನೇತ್ರಾ ಡಿಸ್ಕನ್ನು ಬದಿಗಿಟ್ಟಳು. ಆಮೇಲೆ ಫೋನು ಹಿಡಿದಳು. ಯಾರು ಯಾವ ವರ್ಷ ಯಾವ ಬೀಜ ಒಯ್ದರೆಂಬುದು ಅತ್ತೆಗೆ ಬಾಯಿಪಾಠವಿತ್ತು. ಜೋಳದ ಹೆಸರು ತಪ್ಪಿದರೂ ಒಯ್ದವರ ಹೆಸರು ತಪ್ಪುತ್ತಿರಲಿಲ್ಲ. ಬಿಂಕದಕಟ್ಟಿಯವರು ಐದು ಜಾತಿ ಕಳಿಸಿದರು. ಒಬ್ಬಳು ಮಸುಕಾದ ತೆನೆಯ ಜೊತೆಗೆ ಹನ್ನೆರಡು ಶುಭೋದಯಗಳನ್ನೂ ಕಳಿಸಿದಳು. ಅಂತೂರ ಬೆಂತೂರಿನ ಮಾಸುಮಬಿಯಂತೂ, ನಾಲ್ಕು ಕೇಳಿದರೆ ಅರವತ್ತು ಕಳಿಸಿದಳು.

"ಇಷ್ಟ್ಯಾಕ ಕಳಿಸೀರಿ ಮಾಸುಮಕ್ಕಾ?"

"ನಿಮ್ಮತ್ತಿ ಹತ್ರ ಒಂದು ಸೇರು ಒಯ್ದ್ರ ಒಂದೂವರಿ ತಂದು ಹಾಕೂದಲ್ಲೇನವಾ? ನಾಕು ನೀ ಕಳಿಸಿದ್ದು. ಉಳಿದದ್ದು ನಮ್ಮ ಹೊಲದಾಗ ನಾನ ತಗದದ್ದು. ಯಾವ್ಯಾವ ಜೋಳ ಅಂತ ಬರದೀನಿ, ನೋಡು."

ಬರೆದಿದ್ದಳು. ಕೆಂಪು ಗುಂಡ ಎಂಬ ಜೋಳಕ್ಕೆ ಹಕ್ಕಿ ಎಷ್ಟು ಬಂದವು ಎಂಬುದನ್ನೂ ಬರೆದಿದ್ದಳು. ಅದು ನೇತ್ರಾಳ ಫೋಟೋದಲ್ಲಿ ಎಂದೂ ಇರಲಿಲ್ಲ. ಅಷ್ಟರಲ್ಲಿ ಜಾಗ ತುಂಬಿದೆ ಎಂದು ಫೋನು ಕೂಗಿಕೊಂಡಿತು. ಅವಳು ಗಂಡನ ಮುಂದೆ ಹೋಗಿ ಅವನ ಫೋನಿಗೆ ಕೈ ಚಾಚಿದಳು. ಶಿವಯೋಗಿ ಅವಳ ಮುಖ ನೋಡಿ, ತಾನಾಗಿಯೇ ಟ್ರ್ಯಾಕ್ಟರುಗಳನ್ನು ಅಳಿಸತೊಡಗಿದ.

ವಾರದ ಕೊನೆಗೆ ಹತ್ತೊಂಬತ್ತು ಜಾತಿ ತಿರುಗಿ ಬಂದಿದ್ದವು. ನಾಲ್ಕು ಬರಲಿಲ್ಲ. ಆ ನಾಲ್ಕನ್ನು ಈ ಮೂರು ವರ್ಷ ಯಾರೂ ಬೇಡಿ ಒಯ್ದಿರಲಿಲ್ಲ. ನೇತ್ರಾ ಬಂದದ್ದನ್ನೆಲ್ಲ ಮೂರು ಡಿಸ್ಕಿಗೆ ಇಳಿಸಿದಳು. ಮುಂಡರಗಿಗೆ, ಶಿರಹಟ್ಟಿಗೆ ಹೋಗುವ ಎರಡರ ಮೇಲೂ ಬೀಜದ ಚೀಟಿಯಂತೆಯೇ ಚೀಟಿ ಅಂಟಿಸಿ, ದಪ್ಪಕ್ಷರದಲ್ಲಿ ಬರೆದಳು: ಇದನ್ನು ಬದಲಿಸಬಾರದು, ಎಷ್ಟೇ ಹಳೆಯದಾಗಲಿ.

ಅಷ್ಟರಲ್ಲಿ ಸುಮಿತ್ರವ್ವ ಅಟ್ಟದಿಂದ ನಾಲ್ಕು ಬುರುಡೆ ಇಳಿಸಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಅಂಗೈಗೆ ಕಾಳು ಸುರಿದು, ಬೆರಳಿನಿಂದ ಹೊರಳಿಸಿ, ಒಂದೊಂದರ ಹೆಸರು ಹೇಳಿದಳು. ಎರಡನೆಯದರ ಹತ್ತಿರ ಬಹಳ ಹೊತ್ತು ತಡೆದಳು. ನೇತ್ರಾ ಪೆನ್ನು ಹಿಡಿದು ಕಾದಳು. ಹೆಸರು ಬಂತು. ಅವಳು ಅಲ್ಲೇ ಬರೆದುಕೊಂಡಳು.

"ಬಿತ್ತಗಿಗೆ ಇನ್ನ ಒಂದೂವರಿ ತಿಂಗಳೈತಿ," ಎಂದಳು ಸುಮಿತ್ರವ್ವ. "ಇವನ್ನ ನಮ್ಮ ಹೊಲದಾಗೊಂದ ಬಿತ್ತೂದಲ್ಲ. ಮಾಸುಮಬಿಗೂ ಈ ಎರಡನೇದ್ದು ಒಂದು ಸೇರು ಕೊಡು."

ನೇತ್ರಾ ಫೋನು ಮಾಡಿದಳು.

"ಆ ಜೋಳ ನಂಗೊತ್ತವಾ," ಎಂದಳು ಮಾಸುಮಬಿ. "ಅದರ ರೊಟ್ಟಿ ಹರೀತಾವ. ಬ್ಯಾಡ."

"ರೊಟ್ಟಿ ಮಾಡಬ್ಯಾಡ್ರಿ ಮಾಸುಮಕ್ಕಾ," ಎಂದಳು ನೇತ್ರಾ, ಹಣೆಗೆ ಕೈಹಚ್ಚಿಕೊಂಡು. "ಎರಡು ಸಾಲು ಬಿತ್ತಿ ಫೋಟೋ ತಗೀರಿ. ಸಾಕು."