ಕೊನೆಯ ನಾಲ್ಕು ಸಾಲು

ಉಜ್ವಲಾ ಶಂಕರೆಪ್ಪನ ದ್ರಾಕ್ಷಿ ತೋಟಕ್ಕೆ ಹೋದದ್ದು ಎರಡು ಸಾವಿರದ ಹನ್ನೊಂದರ ಫೆಬ್ರುವರಿಯ ಒಂದು ಮುಂಜಾನೆ. ಬನಹಟ್ಟಿಯ ನೇಕಾರರ ಮನೆಯ ಹುಡುಗಿ ಅವಳು. ಮಗ್ಗದ ಸಪ್ಪಳದಲ್ಲೇ ಓದಿ ಬಿ.ಎಸ್ಸಿ. ಮುಗಿಸಿದ್ದಳು. ಜಮಖಂಡಿಯ ಹೊರಗೆ, ಹಣ್ಣನ್ನು ಪ್ಯಾಕ್ ಮಾಡಿ ಹೊರದೇಶಗಳಿಗೆ ಕಳಿಸುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕಟಾವಿಗೆ ಮೊದಲು ಪ್ರತಿ ತೋಟಕ್ಕೂ ಹೋಗಿ, ಅಲ್ಲೊಂದು ಇಲ್ಲೊಂದು ಗೊಂಚಲು ಕತ್ತರಿಸಿ, ಚೀಲಕ್ಕೆ ಮೊಹರು ಹಾಕಿ ಪುಣೆಯ ಪ್ರಯೋಗಾಲಯಕ್ಕೆ ಕಳಿಸುವುದು ಅವಳ ಕೆಲಸ. ಹಣ್ಣಿನಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಎಂದು ಅಲ್ಲಿಂದ ವರದಿ ಬರಬೇಕು. ಹಣ್ಣು ಹಡಗು ಹತ್ತುವುದು ಆಮೇಲೆ.

ಶಂಕರೆಪ್ಪ ಮೆತ್ತಗೆ ಮಾತಾಡುವ ಮನುಷ್ಯ. ಬಂದವಳಿಗೆ ಕುರ್ಚಿ ಹಾಕಿಸಿ, ಚಹಾ ಕೊಟ್ಟು, ಸಿಂಪಡಣೆಯ ಪುಸ್ತಕ ತೆರೆದಿಟ್ಟ. ಯಾವ ದಿನ, ಯಾವ ಔಷಧ, ಎಷ್ಟು ನೀರಿಗೆ ಎಷ್ಟು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದ.

"ಕಡೀ ಸಲ ಎಣ್ಣಿ ಹೊಡದದ್ದು ಜನವರಿ ಎರಡಕ್ಕರಿ, ಅಕ್ಕಾರ," ಎಂದ. ಆ ಕಡೆಯ ಜನ ಕೀಟನಾಶಕಕ್ಕೆ ಎಣ್ಣಿ ಎಂದೇ ಅನ್ನುತ್ತಾರೆ. "ಇವತ್ತಿಗೆ ಐವತ್ತ ದಿನ ಆತು. ಹಣ್ಣ ಚೊಕ್ಕ ಅದಾವು."

ರಸ್ತೆ ಬದಿಯ ಮುಂದಿನ ಸಾಲುಗಳಲ್ಲಿ ಅವನೇ ಜೊತೆಗೆ ನಡೆದು, ಇಲ್ಲಿ ಕತ್ತರಿಸಿರಿ, ಅಲ್ಲಿ ಕತ್ತರಿಸಿರಿ ಎಂದು ತೋರಿಸಿದ. ಅಷ್ಟರಲ್ಲಿ ಫೋನು ಬಂತು. ಅವನು ಮಾತಾಡುತ್ತ ರಸ್ತೆಯ ಕಡೆ ಹೋದ. ಉಜ್ವಲಾ ಚೀಲ ಹಿಡಿದುಕೊಂಡು ಒಬ್ಬಳೇ ತೋಟದ ಹಿಂದಕ್ಕೆ ನಡೆದಳು.

ನಡೆದಂತೆ ಅವಳಿಗೆ ಏನೋ ಕಸಿವಿಸಿ. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆ ಹಂಗಾಮಿನಲ್ಲಿ ಬೇರೆ ತೋಟಗಳಲ್ಲಿ ಹಕ್ಕಿ ಓಡಿಸಲು ಡಬ್ಬಿ ಬಡಿಯುತ್ತಿರುತ್ತಾರೆ. ಇಲ್ಲಿ ಯಾರೂ ಡಬ್ಬಿ ಬಡಿಯುತ್ತಿರಲಿಲ್ಲ. ಓಡಿಸಲು ಒಂದು ಹಕ್ಕಿಯೂ ಇರಲಿಲ್ಲ.

ತೋಟದ ಕೊನೆಗೆ ಒಂದು ತಗಡಿನ ಶೆಡ್ಡು. ಅದರ ಮುಂದೆ ಹೆಂಗಸೊಬ್ಬಳು ನೆಲದ ಮೇಲೆ ಕುಳಿತಿದ್ದಳು. ಕೈಯಲ್ಲಿ ಬಳೆ ಇಲ್ಲ, ಹಣೆ ಬರಿದು. ಕಟ್ಟಿಹಾಕಿದ್ದ ಮೂರು ಕುರಿ ಅವಳ ಹಿಂದೆ ನಿಂತಿದ್ದವು.

"ಆ ಕಡೀ ನಾಕ ಸಾಲಿಗೆ ಹೋಗಬ್ಯಾಡ ಯವ್ವಾ," ಎಂದಳು ಅವಳು. "ಅಲ್ಲಿ ಹಣ್ಣ ಮುಟ್ಟಬ್ಯಾಡ."

"ಯಾಕಕ್ಕಾ?"

"ನಮ್ಮವರು ಅಲ್ಲೇ ಬಿದ್ದರು. ಇವತ್ತಿಗೆ ಒಂಬತ್ತ ದಿನ."

ಅವಳ ಹೆಸರು ಸಾತವ್ವ. ಬೀರೇಶ್ವರನ ಒಕ್ಕಲಿನ ಕುರುಬರು. ಗಂಡ ಲಗಮಣ್ಣ ಕುರಿ ಕಾಯುವುದನ್ನು ಬಿಟ್ಟು ಆರು ವರ್ಷದಿಂದ ಶಂಕರೆಪ್ಪನ ತೋಟದಲ್ಲಿ ದುಡಿಯುತ್ತಿದ್ದ. ಔಷಧ ಹೊಡೆಯುವ ಪಂಪು ಬೆನ್ನಿಗೆ ಹಾಕಿದರೆ ಇಡೀ ತೋಟ ಒಬ್ಬನೇ ಮುಗಿಸುವವನು. ಆ ದಿನ ಕೊನೆಯ ಸಾಲುಗಳಲ್ಲಿ ಬಿಳಿ ಹಿಟ್ಟಿನಂಥ ಹುಳ ಕಾಣಿಸಿತ್ತಂತೆ. ಮಧ್ಯಾಹ್ನದ ಗಾಳಿಯಲ್ಲಿ ಬಾಯಿಗೊಂದು ಟವೆಲ್ಲು ಸುತ್ತಿಕೊಂಡು ಹೋದವನು ನಾಲ್ಕನೆಯ ಸಾಲಿನ ತುದಿಯಲ್ಲಿ ಕವುಚಿ ಬಿದ್ದ. ಬಾಯಲ್ಲಿ ನೊರೆ ಬಂದಿತ್ತು.

"ಹಾರ್ಟ್ ನಿಂತೈತಿ ಅಂದ್ರು ಎಲ್ಲಾರೂ," ಎಂದಳು ಸಾತವ್ವ. "ಹೌದಂದೆ. ಮರುದಿನ ಅಲ್ಲಿ ಬಿದ್ದ ಎಲಿ ತಿಂದು ಎರಡ ಕುರಿ ಸತ್ತವು. ಕುರಿಗೂ ಹಾರ್ಟ್ ನಿಂತಿತ್ತೇನು?"

ಉಜ್ವಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪುಸ್ತಕದಲ್ಲಿ ಐವತ್ತು ದಿನ. ಇಲ್ಲಿ, ಈ ಹೆಂಗಸಿನ ಸೂತಕದಲ್ಲಿ, ಒಂಬತ್ತು ದಿನ.

"ಅವರ ಪಂಪಿನ ಸಪ್ಪಳ ನನಗ ಇನ್ನೂ ಕೇಳತೈತಿ ಯವ್ವಾ. ಬಿಸಲ ಏರಿದ ಮ್ಯಾಲೆ. ನಿನಗ ಕೇಳೋದಿಲ್ಲ, ಬಿಡು."

ಉಜ್ವಲಾ ಕೊನೆಯ ಸಾಲುಗಳ ಒಳಗೆ ಹೋದಳು. ಗೊಂಚಲುಗಳು ಚೆಂದವಾಗಿದ್ದವು, ಹಳದಿಗೆ ತಿರುಗಿದ ಹಸಿರು, ಒಂದೊಂದು ಹಣ್ಣೂ ಬೆರಳಿನ ಗಿಣ್ಣಿನಷ್ಟು. ಮೊದಲನೆಯ ಗೊಂಚಲಿಗೆ ಕತ್ತರಿ ಇಟ್ಟಾಗ ಬೆನ್ನ ಹಿಂದಿನ ಸಾಲಿನಲ್ಲಿ ಛರ್ರೆಂದಿತು. ತಟ್ಟನೆ ತಿರುಗಿದಳು. ಯಾರೂ ಇರಲಿಲ್ಲ. ಎಲೆ ಅಲುಗಲಿಲ್ಲ. ಹನಿ ನೀರಾವರಿಯ ಕೊಳವೆ ಎಲ್ಲೋ ಸೋರುತ್ತಿರಬೇಕು ಎಂದುಕೊಂಡು ಬಗ್ಗಿ ನೋಡಿದಳು, ನೆಲ ಒಣಗಿತ್ತು. ಮತ್ತೊಮ್ಮೆ ಛರ್ರೆಂದಿತು, ಈ ಸಲ ಇನ್ನಷ್ಟು ಹತ್ತಿರ, ಒಬ್ಬ ಮನುಷ್ಯ ಒಂದು ಹೆಜ್ಜೆ ಮುಂದಿಟ್ಟ ಹಾಗೆ.

ಮತ್ತೆ ತಿರುಗಿ ನೋಡದೆ ಅವಳು ಪ್ರತಿ ಸಾಲಿನಲ್ಲೂ ಮೂರು ಗೊಂಚಲು ಕತ್ತರಿಸಿದಳು.

ಹೊರಗೆ ಬಂದಾಗ ಶಂಕರೆಪ್ಪ ನಿಂತಿದ್ದ. ಚೀಲವನ್ನೇ ನೋಡುತ್ತಿದ್ದ. "ಅಲ್ಲಿ ಹಣ್ಣ ಸಣ್ಣ ಅದಾವ್ರಿ. ಅವನ್ನ ತಗದು ಮುಂದಿನ ಸಾಲಿನವು ಹಾಕೋರಿ."

"ಎಲ್ಲಾ ಕಡಿಂದ ತಗೋಬೇಕ್ರಿ. ಹಂಗ ನಿಯಮ ಐತಿ," ಎಂದು ಅವನ ಮುಂದೆಯೇ ಮೊಹರು ಒತ್ತಿದಳು. ಶಂಕರೆಪ್ಪ ಅವಳ ಸ್ಕೂಟಿ ರಸ್ತೆ ತಿರುಗುವವರೆಗೂ ಗೇಟಿನಲ್ಲೇ ನಿಂತಿದ್ದ.

ವಾರದ ಮೇಲೆ ವರದಿ ಬಂತು. ಕಂಪನಿಯ ಮ್ಯಾನೇಜರ್ ಮಹಾಲಿಂಗಪ್ಪ ಅದನ್ನು ಹಿಡಿದು ಗೋಡೆಯ ಮೇಲಿನ ದೊಡ್ಡ ಪಟ್ಟಿಯ ಮುಂದೆ ನಿಂತ. ಕೊಳ್ಳುವ ದೇಶಗಳ ಹೆಸರು ಒಂದರ ಪಕ್ಕ ಒಂದು ಇದ್ದವು. ಯಾವ ದೇಶ ಯಾವ ಔಷಧವನ್ನು ಎಷ್ಟರವರೆಗೆ ಸಹಿಸುತ್ತದೆ ಎಂದು ಕೆಳಗೆ ಬರೆದಿತ್ತು. ಒಂದು ದೇಶದ ಅಂಕಣದಲ್ಲಿದ್ದ ಅಂಕಿ ಪಕ್ಕದ ದೇಶದ ಅಂಕಣದಲ್ಲಿರಲಿಲ್ಲ. ಒಂದೇ ಹಣ್ಣು ಒಂದು ಬಂದರಿನಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಮಹಾಲಿಂಗಪ್ಪನ ಬೆರಳು ಒಂದೊಂದೇ ದೇಶ ದಾಟುತ್ತ ಪಟ್ಟಿಯ ಕೊನೆಗೆ ಬಂದು ನಿಂತಿತು.

"ಎಲ್ಲೂ ನಡೆಯೂದಿಲ್ಲ. ಶಂಕರೆಪ್ಪಗ ಫೋನ್ ಮಾಡಿ ಹೇಳತೀನಿ, ಊರ ಬಜಾರಿಗೆ ಕೊಟ್ಟು ಕೈ ತೊಳಕೊಳ್ಳಿ."

"ಸರ್, ಇದರಾಗ ನಮ್ಮ ದೇಶದ್ದೂ ಐತ್ರಿ," ಎಂದು ಉಜ್ವಲಾ ಪಟ್ಟಿಯ ಒಂದು ಮೂಲೆ ತೋರಿಸಿದಳು. "ನಮ್ಮ ಮಿತಿಗಿಂತಾನೂ ನಾಕ ಪಟ್ಟು ಹೆಚ್ಚ ಐತಿ."

ಮಹಾಲಿಂಗಪ್ಪ ಕೆಟ್ಟವನಲ್ಲ. ಅವಳ ಮುಖ ನೋಡಿ ದನಿ ತಗ್ಗಿಸಿದ. "ಐತಿ ತಂಗಿ. ಆದರ ಬಜಾರದಾಗ ನಿಂತು ನೋಡವ್ರು ಯಾರು? ಈ ವರದಿ ನಮ್ಮ ಆಫೀಸ್ ಬಿಟ್ಟು ಹೊರಗ ಹೋಗಬಾರದು ನೋಡು."

ಆ ಶನಿವಾರ ಅವಳು ಬನಹಟ್ಟಿಗೆ ಹೋದಳು. ಓಣಿಯ ತುಂಬ ಪಾವರ್‌ಲೂಮಿನ ಸದ್ದು. ಮನೆಯೊಳಗೆ ಅಣ್ಣನ ಹೆಂಡತಿ ಭಾಗ್ಯಾ ಗೋಡೆಗೊರಗಿ ಕುಳಿತು ದ್ರಾಕ್ಷಿ ತಿನ್ನುತ್ತಿದ್ದಳು. ಅವಳಿಗೆ ಐದು ತಿಂಗಳು. ತಟ್ಟೆಯಲ್ಲಿ ಬೆರಳಿನ ಗಿಣ್ಣಿನಷ್ಟು ದಪ್ಪದ, ಹಳದಿಗೆ ತಿರುಗಿದ ಹಣ್ಣುಗಳು.

"ಎಲ್ಲಿಯವು ಇವು?" ಎಂದು ಉಜ್ವಲಾ ಕೇಳಿದಳು.

"ಹಣಮಪ್ಪನ ಗಾಡ್ಯಾಗ ತಗೊಂಡೆ," ಎಂದಳು ತಾಯಿ ಗುರುಬಸವ್ವ ಒಳಗಿನಿಂದ. "ಫಾರಿನ್ನಿಗೆ ಹೋಗೋ ಮಾಲಂತ. ಮೂರ ದಿನ ಆತು ತರಾಕತ್ತು. ಭಾಗ್ಯಾನ ಬಾಯಿಗೆ ಇದೊಂದ ಸೇರತೈತಿ ನೋಡು."

ಉಜ್ವಲಾ ತಟ್ಟೆಯನ್ನು ಕಿತ್ತುಕೊಂಡಳು. ಭಾಗ್ಯಾಳ ಕೈ ಗಾಳಿಯಲ್ಲೇ ಉಳಿಯಿತು. ಮಗ್ಗಗಳ ಅಷ್ಟೊಂದು ಗದ್ದಲದ ನಡುವೆ ಉಜ್ವಲಾಳ ಕಿವಿಗೆ ಛರ್ರೆಂಬುದೊಂದೇ ಸ್ಪಷ್ಟವಾಗಿ ಕೇಳಿತು, ಹಿತ್ತಲ ಬಾಗಿಲ ಕಡೆಯಿಂದ.

ಬಜಾರಕ್ಕೆ ಓಡಿದಳು. ಹಣಮಪ್ಪನ ಗಾಡಿಯ ಮೇಲೆ ಉಳಿದದ್ದು ನಾಲ್ಕೈದು ಗೊಂಚಲು. ಗಾಡಿಯ ಕೆಳಗೆ ಖಾಲಿ ಕ್ರೇಟುಗಳು, ಮೇಲೆ ಶಂಕರೆಪ್ಪನ ತೋಟದ ನಂಬರು. ಅವಳು ವರದಿಯ ವಿಷಯ ಹೇಳಿದಳು. ಹಣಮಪ್ಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅವನ ಮುಖ ಬಿಳಚಿಕೊಂಡಿತು.

"ನನ್ನ ಮಕ್ಕಳೂ ತಿಂದಾವಲ್ಲವಾ," ಎಂದ. "ಈಗ ನಾ ಯಾರ್ಯಾರ ಮನಿಗೆ ಹೋಗಿ ಹೇಳಲಿ?"

ಉಳಿದ ಗೊಂಚಲನ್ನು ಅವನೇ ಚರಂಡಿಗೆ ಎಸೆದ. ಆದರೆ ರಬಕವಿ, ಬನಹಟ್ಟಿ, ಮಹಾಲಿಂಗಪುರ, ಲೋಕಾಪುರ, ಎಲ್ಲೆಲ್ಲಿಗೆ ಎಷ್ಟು ಕ್ರೇಟು ಹೋಗಿದ್ದವೋ ಅವನಿಗೂ ಗೊತ್ತಿರಲಿಲ್ಲ. ಉಜ್ವಲಾ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿದಳು. ತಾಯಂದಿರು ಮಕ್ಕಳ ಬಾಯಿಗೆ ಒಂದೊಂದೇ ಹಣ್ಣು ಇಡುತ್ತಿದ್ದರು. ಸಮುದ್ರದಾಚೆಯ ಯಾವುದೋ ಊರಿನ, ಹೆಸರೂ ತಿಳಿಯದ ಮಕ್ಕಳನ್ನು ಅವಳ ಕತ್ತರಿ ಉಳಿಸಿತ್ತು. ಅದೇ ಕತ್ತರಿ ಆ ಹಣ್ಣನ್ನು ತನ್ನ ಓಣಿಗೆ ಕಳಿಸಿತ್ತು.

ಸೋಮವಾರ ಅವಳು ಸಾತವ್ವನ ಶೆಡ್ಡಿಗೆ ಹೋದಳು. ಯಾಕೆ ಹೋದೆನೆಂದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. ಎಲ್ಲವನ್ನೂ ಹೇಳಿ ಮುಗಿಸಿದಾಗ ಸಾತವ್ವ ಕೇಳಿದ್ದು ಒಂದೇ ಮಾತು.

"ಹಾಳ್ಯಾಗ ಬಂದೈತೇನು? ಹಬ್ಬ ಆದ ಮ್ಯಾಲೆ ಹೊಡದ ಎಣ್ಣಿ ಅಂತ?"

ಹಾಳಿ ಎಂದರೆ ವರದಿ, ಹಬ್ಬ ಎಂದರೆ ಸಂಕ್ರಾಂತಿ ಎಂದು ಉಜ್ವಲಾಳಿಗೆ ತಿಳಿಯಿತು. "ಬಂದೈತಿ ಅಕ್ಕಾ. ಜನವರಿ ಎರಡಕ್ಕ ಹೊಡದಿದ್ರ ಇಷ್ಟ ಉಳಿಯೂದಿಲ್ಲ."

"ಹಂಗಾದ್ರ ಆ ಹಾಳಿ ನನಗ ಬೇಕು. ಅವರು ಆವತ್ತು ದುಡಕೋತ ಸತ್ರು ಅಂತ ಹೇಳೂದು ಅದೊಂದ. ಮಂದಿ ಕುಡದು ಸತ್ತ ಅಂತ ಆಡಾಕತ್ತಾರ."

ಉಜ್ವಲಾ ಮರುದಿನ ಜಮಖಂಡಿಯ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ವರದಿಯ ಝೆರಾಕ್ಸ್ ತೆಗೆಸಿದಳು. ಅದನ್ನು ಸಾತವ್ವನಿಗೆ ಕೊಡುವಾಗ, ದೂರು ಕೊಡಲು ತಾಲ್ಲೂಕು ಕಚೇರಿಗೆ ಹೋಗುತ್ತೀಯಾ ಎಂದು ಕೇಳಿದಳು. "ಕಚೇರಿ ಆಮ್ಯಾಲೆ," ಎಂದಳು ಸಾತವ್ವ. "ಮೊದಲ ಬೀರೇಶ್ವರನ ಗುಡಿ."

ಭಾನುವಾರ ಗುಡಿಯ ಕಟ್ಟೆಯ ಮೇಲೆ ಊರ ಹಿರಿಯರು ಕೂಡಿದರು. ಕರೆಸಿದ್ದಕ್ಕೆ ಶಂಕರೆಪ್ಪ ಬಂದ. ಸಾತವ್ವ ವರದಿಯನ್ನು ದೇವರ ಮುಂದಿಟ್ಟು ತನಗೇನು ಕೇಳಬೇಕಿತ್ತೋ ಅದನ್ನು ಕೇಳಿದಳು. ಪರಿಹಾರದ ಮಾತನ್ನು ಎತ್ತಲಿಲ್ಲ. ಭಂಡಾರ ಕೈಯಲ್ಲಿ ಹಿಡಿದು ನಡೆದದ್ದನ್ನು ಹೇಳಲಿ, ಅಷ್ಟೇ ಎಂದಳು.

ಪೂಜಾರಿ ಭಂಡಾರದ ಅರಿಶಿನ ಪುಡಿಯನ್ನು ಶಂಕರೆಪ್ಪನ ಅಂಗೈಗೆ ಹಾಕಿದ. ಅದನ್ನು ಹಿಡಿದು ಸುಳ್ಳು ಹೇಳಿದವನ ಮನೆ ಉಳಿಯುವುದಿಲ್ಲ ಎಂದು ಊರಿನ ನಂಬಿಕೆ. ಉಜ್ವಲಾ ಕಂಬದ ಪಕ್ಕದಲ್ಲಿದ್ದಳು. ಶಂಕರೆಪ್ಪನ ಬೆರಳ ಸಂದಿಯಿಂದ ಹಳದಿ ಪುಡಿ ಉದುರುವುದು ಕಾಣುತ್ತಿತ್ತು.

"ಗಾಳಿ ಬಾಳ ಐತ್ರಿ, ಇವತ್ತ ಬ್ಯಾಡ ಅಂದಿದ್ದ ಲಗಮಣ್ಣ," ಎಂದ ಶಂಕರೆಪ್ಪ ಕಡೆಗೆ. "ನಾನ ಹೊಡಿ ಅಂದೆ. ಡಬ್ಬಿ ನನ್ನ ಕೈಲೇ ಸುರವೀನಿ, ಎರಡ ಪಟ್ಟು. ಪುಸ್ತಕದಾಗ ಬರೀಲಿಲ್ಲ."

ಸಾತವ್ವ ಎದ್ದು ಅವನೆದುರಿಗೆ ಬಂದು ನಿಂತಳು.

"ಆ ಸಾಲಿನ ಹಣ್ಣ ನಿಮ್ಮ ಮನ್ಯಾಗ ಯಾರರೇ ತಿಂದಾರೇನ್ರಿ ಸಾವಕಾರ?"

"ಇಲ್ಲ," ಎಂದ ಅವನು. ತಲೆ ಎತ್ತಲಿಲ್ಲ.

ಆಮೇಲೆ ಹಿರಿಯರೇ ಮುಂದೆ ನಿಂತು ಜಮಖಂಡಿಯ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿಸಿದರು. ಶಂಕರೆಪ್ಪ ಅಲ್ಲಿಯೂ ಅದನ್ನೇ ಹೇಳಿದ. ಕೊನೆಯ ನಾಲ್ಕು ಸಾಲಿನ ಬಳ್ಳಿಗಳನ್ನು ಬುಡಸಮೇತ ಕೀಳಿಸಿದ ಎಂದು ಕೇಳಿಬಂತು. ಸಾತವ್ವ ಉಳಿದ ಮೂರು ಕುರಿ ಹೊಡೆದುಕೊಂಡು ಬೀಳಗಿಯ ತವರಿಗೆ ಹೋದಳು. ವರದಿ ಹೊರಗೆ ಹೋದದ್ದು ಹೇಗೆಂದು ಕಂಪನಿಯಲ್ಲಿ ಯಾರೂ ಉಜ್ವಲಾಳನ್ನು ಕೇಳಲಿಲ್ಲ. ಏಪ್ರಿಲ್‌ನಲ್ಲಿ ದ್ರಾಕ್ಷಿಯ ಹಂಗಾಮು ಮುಗಿದ ಮೇಲೆ ಅವಳನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ, ಅಷ್ಟೇ. ಮುಧೋಳದ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು.

ಜೂನ್ ಕೊನೆಗೆ ಭಾಗ್ಯಾ ಹೆಣ್ಣು ಮಗು ಹೆತ್ತಳು. ಮಗು ದುಂಡಗಿತ್ತು, ಜೋರಾಗಿ ಅಳುತ್ತಿತ್ತು. ಡಾಕ್ಟರು ಎಲ್ಲಾ ಸರಿ ಇದೆ ಎಂದರು. ಉಜ್ವಲಾ ಮಾತ್ರ ಪ್ರತಿ ಶನಿವಾರ ಮನೆಗೆ ಬಂದು ತೊಟ್ಟಿಲ ಮೇಲೆ ಬಗ್ಗಿ ನಿಲ್ಲುತ್ತಿದ್ದಳು. ಬೆರಳುಗಳನ್ನು ಎಣಿಸುವಳು, ಕಣ್ಣೆದುರು ಬೆರಳಾಡಿಸುವಳು, ಕಿವಿಯ ಹತ್ತಿರ ಚಪ್ಪಾಳೆ ತಟ್ಟುವಳು.

"ಏನ ನೋಡತಿ ಅಕೀನ್ನ ಹಂಗ?" ಎಂದು ಭಾಗ್ಯಾ ಒಮ್ಮೆ ಕೇಳಿದಳು.

"ಏನಿಲ್ಲ ವೈನಿ."

ನಿಜಕ್ಕೂ ಏನೂ ಇರಲಿಲ್ಲ. ಅದೇ ಅವಳನ್ನು ಬಿಡಲಿಲ್ಲ. ಏನಾದರೂ ಆಗಿದ್ದರೆ ಇದರಿಂದ ಆಯಿತು ಎನ್ನಬಹುದಿತ್ತು. ಏನೂ ಆಗದೆ, ಇನ್ನು ಯಾವತ್ತು, ಯಾರ ಮನೆಯಲ್ಲಿ ಎಂದು ಕಾಯುವುದಷ್ಟೇ ಉಳಿದಿತ್ತು.

ಮರುವರ್ಷ ಫೆಬ್ರುವರಿಯಲ್ಲಿ ಮಗು ತೆವಳುತ್ತಿತ್ತು. ಒಂದು ಸಂಜೆ ಗುರುಬಸವ್ವ ಬಜಾರದಿಂದ ಬಂದು, ಕಾಗದದ ಪೊಟ್ಟಣವನ್ನು ಮಗಳ ಮುಂದೆ ಇಟ್ಟು ಬಿಚ್ಚಿದಳು. ದ್ರಾಕ್ಷಿ. ಯಾವ ತೋಟದ್ದು ಎಂದು ಅದರ ಮೇಲೆ ಬರೆದಿರಲಿಲ್ಲ.

"ನೀ ಹೇಳು," ಎಂದಳು ತಾಯಿ. "ಇವನ್ನ ಕೂಸಿಗೆ ಕೊಡಬಹುದೇನು?"

ಉಜ್ವಲಾ ಒಂದು ಹಣ್ಣನ್ನು ಎತ್ತಿ ಬೆಳಕಿಗೆ ಹಿಡಿದಳು. ತೊಳೆದಳು, ಮೂಸಿದಳು, ಮತ್ತೆ ಬೆಳಕಿಗೆ ಹಿಡಿದಳು. ತಾಯಿ, ಭಾಗ್ಯಾ, ನೆಲದ ಮೇಲಿನ ಕೂಸು ಮೂವರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ ಯವ್ವಾ," ಎಂದಳು ಅವಳು. "ನನಗ ಗೊತ್ತಾಗೂದಿಲ್ಲ."